ಎರಡು ಬೀಗ, ಒಂದು ಗೇಟು

ನನ್ನ ಹೆಂಡತಿಯ ತಮ್ಮ ತನ್ನ ಮನೆಯ ಮುಂದೆ ಬೋರ್ಡು ತೂಗುಹಾಕಿದ ದಿನ ನಾನು ಏಣಿ ಹಿಡಿದುಕೊಂಡು ನಿಂತಿದ್ದೆ. ಬೋರ್ಡಿನಲ್ಲಿ 'ಅಧ್ಯಕ್ಷರು' ಎಂಬ ಅಕ್ಷರಗಳು ಕುಂಬಳಕಾಯಿ ಗಾತ್ರದಲ್ಲಿದ್ದವು. ಅದರ ಕೆಳಗೆ 'ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳ ಸಂಘ' ಎಂಬುದು ಸಾಸಿವೆ ಗಾತ್ರದಲ್ಲಿತ್ತು. ನಾನು ಓದಿದ್ದು ಕಡಿಮೆ. ಮೇಲಿನದು ಓದಲು ಬಂತು, ಕೆಳಗಿನದು ಕಾಣಲೇ ಇಲ್ಲ. ಹೆಚ್ಚು ಓದಿದವರಿಗೂ ಹೀಗೇ ಆದೀತು ಎಂದು ಆಗಲೇ ಅನಿಸಿತ್ತು. ಆದರೆ ಏಣಿ ಹಿಡಿದವನು ಮಾತಾಡಬಾರದು, ಮೇಲಿದ್ದವನು ಬೀಳುತ್ತಾನೆ.

ಅವನ ಹೆಸರನ್ನು ಜನ ಮರೆತು ಬಹಳ ಕಾಲವಾಯಿತು. ಎಲ್ಲರಿಗೂ ಅವನು ಡೋಲಣ್ಣ. ಪಂದ್ಯವಿದ್ದ ದಿನವೆಲ್ಲ ಕುತ್ತಿಗೆಗೆ ಡೋಲು ಹಾಕಿಕೊಂಡು ಬಾರಿಸಿ ಬಾರಿಸಿ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ ಉಳಿದಿದೆ. ಆ ಅರ್ಧದಲ್ಲಿ ಅವನಿಗೆ ಬೇಕಾದಷ್ಟು ಮಾತ್ರ ಕೇಳಿಸುತ್ತದೆ. ಹೊಟ್ಟೆಪಾಡಿಗೆ ಬಸ್ ಡಿಪೋದಲ್ಲಿ ಟೈರಿಗೆ ಗಾಳಿ ತುಂಬುತ್ತಾನೆ. ಅಧ್ಯಕ್ಷನಾದದ್ದೂ ಕಿವಿಯಿಂದಲೇ. ಸಂಘದ ಮೊದಲ ಸಭೆಯಲ್ಲಿ ಯಾರೋ ಎದ್ದು, "ಈ ಫ್ಯಾನುಗಳಿಗೆಲ್ಲ ಅಧ್ಯಕ್ಷ ಯಾರಾಗ್ತೀರಪ್ಪಾ?" ಎಂದು ಕೇಳಿದರು. ಇವನಿಗೆ ಫ್ಯಾನು ಎಂಬುದಷ್ಟೇ ಕೇಳಿಸಿತು. ಸ್ವಿಚ್ಚು ಇವನ ತಲೆಯ ಮೇಲೇ ಇತ್ತು. ಕೈ ಎತ್ತಿದ. ಸಭೆ ಚಪ್ಪಾಳೆ ತಟ್ಟಿತು. ಒಂದು ಫ್ಯಾನು ಹಾಕಿದ್ದಕ್ಕೆ ಇಷ್ಟು ಗೌರವವೇ ಎಂದು ನಮ್ಮ ಮನೆಗೆ ಬಂದು ಅಕ್ಕನ ಮುಂದೆ ಹೇಳಿಕೊಂಡ. ಮಾರನೆಯ ದಿನ ವಿಷಯ ತಿಳಿದ ಮೇಲೆ ಬೋರ್ಡಿಗೆ ಹೇಳಿದ.

ಕ್ಲಬ್ಬಿನ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕ್ಲಬ್ಬಿಗೆ ನಿಜವಾದ ಅಧ್ಯಕ್ಷನೊಬ್ಬನಿದ್ದ. ಆಟಗಾರರ ಬೂಟು ಬಾಯಿ ಬಿಟ್ಟಿದ್ದಾಗ ಅವನು ಕಚೇರಿಗೆ ತಿರುಗುವ ಕುರ್ಚಿ ತರಿಸಿದ. ಗೋಲು ಹೊಡೆಯುವ ಹುಡುಗ ಸಂಬಳ ಕಾಣದೆ ಬಿಟ್ಟು ಹೋದ ತಿಂಗಳೇ, ಗೋಲು ಎಷ್ಟಾಯಿತೆಂದು ತೋರಿಸುವ ದೀಪದ ಬೋರ್ಡು ತರಿಸಿದ. ಅದರಲ್ಲಿ ನಮ್ಮ ಕಡೆ ಸೊನ್ನೆ ಬಿಟ್ಟು ಬೇರೆ ಅಂಕಿ ಹೊತ್ತುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವ ಸಂದರ್ಭವೇ ಬರಲಿಲ್ಲ. ಗೋಲಿಗಿಂತ ಗೋಳೇ ಹೆಚ್ಚಾಯಿತು. ಕೊನೆಗೆ ಒಂದು ದಿನ ಅವನೂ ಕೈ ಎತ್ತಿದ, ಫ್ಯಾನು ಹಾಕಲು ಅಲ್ಲ. ಊರು ಬಿಡುವಾಗ ಕುರ್ಚಿಯನ್ನೂ ಗಾಡಿಗೆ ಹಾಕಿಸಿಕೊಂಡು ಹೋದ. ದೀಪದ ಬೋರ್ಡು ಕೊಟ್ಟವರು ಕೋರ್ಟಿಗೆ ಹೋದರು. ಕೋರ್ಟು, ಮೈದಾನಕ್ಕೆ ಬೀಗ ಹಾಕಿ ಎಂದಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವುದು ಇದಕ್ಕೇ.

ತೊಂದರೆಯೆಂದರೆ ಆ ಶನಿವಾರ ಮಧ್ಯಾಹ್ನ ಲೀಗಿನ ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ ಇತ್ತು. ಗೆಲ್ಲುವ ಮಾತು ಯಾರೂ ಆಡುತ್ತಿರಲಿಲ್ಲ. ಆಡಿದರೆ ಸಾಕಿತ್ತು. ಆಡದಿದ್ದರೆ ಕ್ಲಬ್ಬಿನ ಹೆಸರನ್ನೇ ಲೀಗಿನಿಂದ ಹೊಡೆದುಹಾಕುತ್ತೇವೆ ಎಂದು ಮೇಲಿನವರು ಖಂಡಿತವಾಗಿ ಹೇಳಿದ್ದರು. ಹೆಸರೊಂದು ಉಳಿದರೆ ಮುಂದಿನ ವರ್ಷ ಯಾರದೋ ಮೈದಾನದಲ್ಲಿ, ಯಾರದೋ ಬೂಟು ಹಾಕಿಕೊಂಡಾದರೂ ಆಡಬಹುದು. ಹೆಸರೇ ಹೋದರೆ ಡೋಲು ಬಾರಿಸುವುದು ಯಾರಿಗೆ?

ಕೋರ್ಟಿನ ಅಮೀನರು ಶನಿವಾರ ಬೆಳಿಗ್ಗೆಯೇ ಬೀಗ ಹಾಕಲು ಬರುತ್ತಾರೆ ಎಂಬ ಸುದ್ದಿ ಬಂತು. ಶನಿವಾರ ಅವರ ಕಚೇರಿ ಅರ್ಧ ದಿನ. ಹನ್ನೆರಡಕ್ಕೆ ಕಾರ್ಖಾನೆಯ ಸೈರನ್ ಕೂಗಿತೆಂದರೆ ಅವರ ಕೆಲಸ ಮುಗಿಯಿತು, ಉಳಿದದ್ದು ಸೋಮವಾರ. ಆದ್ದರಿಂದ ಸಂಘದವರು ಕೂತು ಒಂದು ಉಪಾಯ ಮಾಡಿದರು. ಮಾಡಿದ್ದು ಮೀನಿನ ಅಂಗಡಿಯಾಕೆ. ಆಕೆಯ ಗಂಟಲಿಗೆ ಮೈದಾನದ ಆ ಕೊನೆಯ ರೆಫರಿಯೂ ಹೆದರುತ್ತಾನೆ.

"ಅಮೀನ ಬಂದ ತಕ್ಷಣ ಸುತ್ತ ಕೂತ್ಬಿಡೋದು. ಮುಟ್ಟಬಾರದು, ಹೊಡೀಬಾರದು. ಸೈರನ್ ಆಗೋವರೆಗೂ ಏಳೋಕೆ ಬಿಡಬಾರದು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಕೇಳಿಸ್ತಾ ಅಧ್ಯಕ್ಷರೇ?"

"ಕೋಲು ಮುರಿದ್ರೆ ಮನೇಲಿ ಇನ್ನೊಂದಿದೆ," ಎಂದ ನನ್ನ ಭಾವಮೈದ, ಡೋಲಿನ ಕೋಲು ತೋರಿಸಿ.

ಇಷ್ಟೇ ಆಗಿದ್ದರೆ ನಾನು ಹೇಳುವಂಥದು ಏನೂ ಇರುತ್ತಿರಲಿಲ್ಲ. ಆದರೆ ಅದೇ ಶನಿವಾರ ಬೆಳಿಗ್ಗೆ ಅವನ ಮನೆಗೆ ಬೀಗರು ಬರುವವರಿದ್ದರು.

ಬಾಗಿಲಿಗೆ ಹಾಕುವುದೂ ಬೀಗ, ಮಗಳು ಹೋಗಿ ಸೇರುವ ಮನೆಯ ಯಜಮಾನನೂ ಬೀಗ. ಹಿಂದಿನವರು ಎರಡಕ್ಕೂ ಒಂದೇ ಮಾತು ಯಾಕೆ ಇಟ್ಟರೋ ಗೊತ್ತಿಲ್ಲ. ಎರಡಕ್ಕೂ ಎಣ್ಣೆ ಹಚ್ಚುತ್ತಿರಬೇಕು ಎಂದಿರಬಹುದು.

ಡೋಲಣ್ಣನ ಮಗಳು ಆಸ್ಪತ್ರೆಯಲ್ಲಿ ನರ್ಸು. ಅಲ್ಲೇ ಎಕ್ಸ್‌ರೇ ತೆಗೆಯುವ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ಅಪ್ಪ ಬೇರೆ ಊರಿನ ದಿನಸಿ ವ್ಯಾಪಾರಿ. ಅವರ ಮುಖವನ್ನು ಇಲ್ಲಿ ಯಾರೂ ಕಂಡಿರಲಿಲ್ಲ. ಹುಡುಗ ಹುಡುಗಿ ಇಬ್ಬರಿಗೂ ಬೆಳಗಿನ ಪಾಳಿ. ಅಪ್ಪ ಒಬ್ಬರೇ ಮೊದಲು ಬಂದು ಮಾತಾಡಿಕೊಳ್ಳುವುದು, ಮಕ್ಕಳು ಪಾಳಿ ಮುಗಿಸಿ ಬರುವುದು ಎಂದು ಗೊತ್ತಾಗಿತ್ತು. ಡೋಲಣ್ಣ ಹೆಂಡತಿಗೆ, "ಅವ್ರು ಬಂದ ಕೂಡ್ಲೆ ಟೀ ಅಂಗಡಿಗೆ ಫೋನ್ ಮಾಡು, ಓಡಿ ಬರ್ತೀನಿ," ಎಂದು ಹೇಳಿ ಮೈದಾನಕ್ಕೆ ಹೋಗಿದ್ದ.

ನನ್ನದು ಇಸ್ತ್ರಿ ಅಂಗಡಿ. ಅವನು ಬೀಗರ ಮುಂದೆ ಹಾಕಿಕೊಳ್ಳಬೇಕಾದ ಅಂಗಿಯನ್ನು ಇಸ್ತ್ರಿ ಮಾಡಿ ಅವನ ಮನೆಗೆ ಒಯ್ದೆ. ಅವನ ಹೆಂಡತಿ ಸೋಫಾದ ಮೇಲೆ ಹೊಸ ಬಟ್ಟೆ ಹಾಸಿ, ಅದು ಸುಕ್ಕಾಗದಿರಲಿ ಎಂದು ಯಾರನ್ನೂ ಕೂರಿಸದೆ ನಿಂತಿದ್ದಳು. ನನ್ನನ್ನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರಿಸಿದಳು. ಅಷ್ಟರಲ್ಲಿ ಒಬ್ಬರು ಬಂದರು. ತೆಳ್ಳಗಿನ ಮನುಷ್ಯ, ಸವೆದ ಚಪ್ಪಲಿ, ಹೆಗಲಲ್ಲಿ ಖಾಕಿ ಚೀಲ. ತಲೆ ಎತ್ತಿ ಬೋರ್ಡು ಓದಿದರು. ಮೇಲಿನ ಸಾಲು ಮಾತ್ರ ಓದಿದರೆಂದು ಅವರ ಕತ್ತು ನಿಂತ ರೀತಿಯಿಂದಲೇ ತಿಳಿಯಿತು.

"ಅಧ್ಯಕ್ಷರ ಮನೆ ಇದೇ ಅಲ್ವಾ? ಅವರನ್ನ ನೋಡ್ಬೇಕಿತ್ತು. ಬೀಗದ ವಿಷಯ..."

"ಗೊತ್ತು ಗೊತ್ತು, ಬನ್ನಿ ಅಣ್ಣನವರೇ, ನಿಮ್ಮ ದಾರೀನೇ ನೋಡ್ತಿದ್ವಿ!" ಎಂದಳು ಅವಳು.

ಆ ಮನುಷ್ಯ ಹಿಂದೆ ತಿರುಗಿ ನೋಡಿದರು. ತಮ್ಮ ಹಿಂದೆ ಬೇರೆ ಯಾರಾದರೂ ಇದ್ದಾರೇನೋ ಎಂದು. ಯಾರೂ ಇರಲಿಲ್ಲ. ಹೆದರಿಕೊಂಡೇ ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತರು. ಚೀಲ ನೆಲಕ್ಕಿಟ್ಟಾಗ ಠಣ್ ಎಂದಿತು. ದಿನಸಿ ಠಣ್ ಎನ್ನುವುದಿಲ್ಲ. ನನಗೆ ಅನುಮಾನ ಬಂತು. ಆದರೆ ಕೇಳದೆ ಹೇಳುವ ಅಭ್ಯಾಸ ನನಗಿಲ್ಲ, ಮತ್ತು ಆ ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ.

ಅವಳು ಟೀ ಅಂಗಡಿಗೆ ಫೋನ್ ಮಾಡಿ, "ಬೀಗ್ರು ಬಂದ್ರು, ಬೇಗ ಬರೋಕೆ ಹೇಳಿ," ಎಂದಳು. ಆಮೇಲೆ ಕಾಫಿ ತಂದಳು, ಕೇಕು ತಂದಳು, ಕಾಲು ನೋಯುತ್ತಿರಬೇಕೆಂದು ಇನ್ನೊಂದು ದಿಂಬು ತಂದಳು.

"ನಮ್ಮಂಥೋರು ಹೋದ್ರೆ ಬಾಗಿಲು ಹಾಕ್ಕೊಳೋರೇ ಜಾಸ್ತಿ ಅಮ್ಮಾ," ಎಂದರು ಅವರು, ಕೇಕಿನ ತುಣುಕನ್ನು ಅಂಗೈಯಲ್ಲಿ ಹಿಡಿದು. "ಒಬ್ರು ನಾಯಿ ಬಿಟ್ಟಿದ್ರು. ಅಣ್ಣನವರೇ ಅಂತ ಯಾರೂ ಅಂದಿಲ್ಲ."

"ಅಯ್ಯೋ, ಗಂಡಿನ ಕಡೆಯೋರ ಮೇಲೆ ನಾಯಿ ಬಿಡೋದಾ! ಎಂಥ ಜನ!"

ಅವರಿಗೆ ಗಂಡಿನ ಮಾತು ಯಾಕೆ ಬಂತೆಂದು ಅರ್ಥವಾಗಲಿಲ್ಲ. ಕೇಕು ಬಾಯಲ್ಲಿದ್ದುದರಿಂದ ಕೇಳಲೂ ಇಲ್ಲ.

"ಹಾಗಾದ್ರೆ ಯಾವಾಗ ಇಟ್ಕೊಳೋಣ ಅಂತೀರಿ?" ಎಂದಳು ಅವಳು.

"ಇವತ್ತೇ ಮುಗಿಸ್ಬೇಕು ಅಂತ ಅಪ್ಪಣೆ ಆಗಿದೆ."

"ಇವತ್ತೇನಾ!"

"ಹನ್ನೆರಡರ ಒಳಗೆ. ಜಾಸ್ತಿ ಏನಿಲ್ಲ, ಇಬ್ರು ಸಾಕ್ಷಿ ಬೇಕು, ಸಹಿ ಹಾಕಿದ್ರೆ ಆಯ್ತು."

ಅವಳು ನನ್ನ ಕಡೆ ನೋಡಿದಳು. "ರಿಜಿಸ್ಟರ್ ಮದ್ವೆ ಅಂತೆ ಅಣ್ಣಾ," ಎಂದು ಪಿಸುಗುಟ್ಟಿದಳು. ಖರ್ಚು ಉಳಿಯಿತೆಂಬ ಸಮಾಧಾನವೂ ಸೀರೆ ಉಡುವುದು ತಪ್ಪಿತೆಂಬ ದುಃಖವೂ ಮುಖದಲ್ಲಿ ಅಕ್ಕಪಕ್ಕ ಕೂತಿದ್ದವು. ಆಗಲೇ ಆ ಮನುಷ್ಯ ಚೀಲದಿಂದ ಕಾಗದ ಪೆನ್ನು ತೆಗೆದು ಮೆತ್ತಗೆ ಹೇಳಿದರು:

"ಅದಕ್ಕೆ ಮುಂಚೆ ಒಳಗಿರೋ ಸಾಮಾನೆಲ್ಲ ಬರ್ಕೋಬೇಕು ಅಮ್ಮಾ. ಕುರ್ಚಿ, ಮೇಜು, ಬೀರು, ಏನೇನಿದೆಯೋ ಅಷ್ಟೂ."

ಅವಳು ಕೇಕಿನ ತಟ್ಟೆಯನ್ನು ಅವರ ಮುಂದಿನಿಂದ ತನ್ನ ಕಡೆಗೆ ಎಳೆದುಕೊಂಡಳು.

"ಏನಂದ್ರಿ? ಸಾಮಾನು ಬೇಕಾ ನಿಮಗೆ?"

"ನನಗಲ್ಲ, ಕಾನೂನು ಪ್ರಕಾರ..."

"ಯಾವ ಕಾನೂನು ರೀ? ನನ್ನ ಮಗಳು ಸ್ವಂತ ದುಡೀತಾಳೆ. ಹಾಸಿಗೇನೂ ಕೊಡಲ್ಲ, ದಿಂಬೂ ಕೊಡಲ್ಲ. ನಿಮ್ಮ ಹುಡುಗ ಎಕ್ಸ್‌ರೇ ತೆಗೀತಾನೆ, ನೀವು ಮನೆ ಸಾಮಾನಿಗೇ ಎಕ್ಸ್‌ರೇ ತೆಗೀತಿದೀರಲ್ಲ!"

"ಅಮ್ಮಾ, ನಾನು ಹೇಳಿದ್ದು ಮೈದಾನದ..."

"ಇಷ್ಟೊತ್ತು ನಾಯಿ ಬಿಟ್ಟೋರನ್ನ ಬಯ್ತಿದ್ದೆ. ಈಗ ಅವ್ರ ಕಷ್ಟ ಗೊತ್ತಾಯ್ತು!"

ಹೀಗೆ ಶುರುವಾದದ್ದು ಬೇಗ ಮುಗಿಯುವ ಲಕ್ಷಣ ಕಾಣಲಿಲ್ಲ. ಅವರು ಬಾಯಿ ತೆರೆದಾಗಲೆಲ್ಲ ಅವಳು ಇನ್ನೊಂದು ಸಾಮಾನಿನ ಹೆಸರು ಹೇಳಿ ಅದನ್ನು ಕೊಡುವುದಿಲ್ಲ ಎಂದಳು. ಗೋಡೆ ಗಡಿಯಾರದವರೆಗೂ ಬಂದಳು. ಅವಳು ಅದರ ಕಡೆ ಬೆರಳು ತೋರಿಸಿದ್ದರಿಂದ ನಾನೂ ನೋಡಿದೆ. ಹನ್ನೊಂದು ದಾಟಿತ್ತು. ಅವರಿಗೆ ಇನ್ನೊಂದು ಕಾಫಿ ಬೇಕೇನೋ ಎಂದು ನಾನೇ ಎದ್ದು ಬಗ್ಗಿಸಿ ಕೊಟ್ಟೆ.

ಅತ್ತ ಮೈದಾನದಲ್ಲಿ ಆದದ್ದನ್ನು ನನಗೆ ಟೀ ಅಂಗಡಿಯವನು ಹೇಳಿದ. ಅವನು ಫೋನ್ ಇಟ್ಟು ಡೋಲಣ್ಣನ ಕಿವಿಯ ಹತ್ತಿರ, "ಬೀಗ್ರು ಬಂದ್ರಂತೆ, ಬೇಗ!" ಎಂದು ಕೂಗಿದನಂತೆ. ಕೂಗಿದ್ದು ಎಡಗಿವಿಗೆ. ಅಲ್ಲಿಂದ ತಲೆ ಸುತ್ತಿ ಬಲಗಿವಿಗೆ ಹೋಗುವಷ್ಟರಲ್ಲಿ ಮಾತು ಸವೆದಿತ್ತು.

"ಬೀಗ ಬಂತಂತೆ!" ಎಂದು ಡೋಲಣ್ಣ ಡೋಲಿಗೆ ಒಂದು ಏಟು ಹಾಕಿದ.

ಸರಿಯಾಗಿ ಆಗಲೇ ಗೇಟಿನ ಮುಂದೆ ಬಸ್ಸು ನಿಂತಿತು. ದಪ್ಪನೆಯ ಒಬ್ಬರು ಇಳಿದರು. ಕೈಯಲ್ಲಿ ಚರ್ಮದ ಚೀಲ, ಸೊಂಟದಲ್ಲಿ ಅಂಗಡಿ, ಗೋದಾಮು, ಗಲ್ಲಾಪೆಟ್ಟಿಗೆ ಎಲ್ಲದರ ಬೀಗದ ಕೈಗಳ ಗೊಂಚಲು. ನಡೆದರೆ ಕುದುರೆಗಾಡಿ ಬಂದಂತೆ ಸದ್ದು.

"ಏನ್ರಪ್ಪಾ, ಅಧ್ಯಕ್ಷರ ಮನೆ ಎಲ್ಲಿ ಬರುತ್ತೆ?"

"ನೀವ್ಯಾರು?" ಎಂದಳು ಮೀನಿನಾಕೆ.

"ನಾನಾ? ಬೀಗ!" ಎಂದರು ಅವರು, ಎದೆ ಉಬ್ಬಿಸಿ.

ಇಷ್ಟು ಧೈರ್ಯವಾಗಿ ಒಪ್ಪಿಕೊಳ್ಳುವ ಅಮೀನನನ್ನು ಯಾರೂ ನಿರೀಕ್ಷಿಸಿರಲಿಲ್ಲ. ಆದರೂ ಉಪಾಯ ಉಪಾಯವೇ. ಗೇಟಿನ ಎರಡು ಬಾಗಿಲುಗಳ ನಡುವೆ ಅವರನ್ನು ನಿಲ್ಲಿಸಿ ಎಲ್ಲರೂ ಸುತ್ತ ಕೂತುಬಿಟ್ಟರು. ನಿಲ್ಲಲಾರದೆ ಅವರೂ ಕೂತರು. ಡೋಲಣ್ಣ ಮುಂದೆ ಬಂದ.

"ಬನ್ನಿ ಸ್ವಾಮಿ! ಬೇರೆಯೋರ ಮನೆ ಹಾಳು ಮಾಡೋಕೆ ಬರ್ತೀರಲ್ಲ, ರಾತ್ರಿ ನಿದ್ದೆ ಹೇಗೆ ಬರುತ್ತೆ?"

"ಕರೆದಿದ್ದಕ್ಕೇ ಬಂದೆ ಕಣ್ರೀ!"

"ನಿಮ್ಮನ್ನ ಕರೀತಾರಾ ಯಾರಾದ್ರೂ? ಮುಖ ನೋಡ್ಕೊಂಡಿದೀರಾ?"

"ನನ್ನ ಮಗ ಹೇಳಿದ್ದ, ಒಳ್ಳೆ ಜನ ಅಂತ..."

ಮಗ ಎಂಬುದು ಡೋಲಣ್ಣನಿಗೆ ಏನೆಂದು ಕೇಳಿಸಿತೋ, ಸಿಟ್ಟು ಏರಿ ಡೋಲು ಬಾರಿಸತೊಡಗಿದ. ಅವರು ಏನು ಹೇಳಿದರೂ ಡೋಲಿನ ಸದ್ದಿನಲ್ಲಿ ಮುಳುಗಿತು. ಮೀನಿನಾಕೆ ಪದ ಕಟ್ಟಿ ಹಾಡಿದಳು, ಜನ ತಾಳ ಹಾಕಿದರು. ಹಾಡಿನಲ್ಲಿ ಅವರ ಹೊಟ್ಟೆಯ ವಿಷಯವೂ ಬಂತಂತೆ. ಹೀಗೆ ಸುಮಾರು ಹೊತ್ತು ನಡೆದ ಮೇಲೆ ಡೋಲಿನ ಕೋಲು ಪಟ್ ಎಂದು ಮುರಿಯಿತು.

"ಬಿಡಬೇಡಿ, ಈಗ್ಬಂದೆ," ಎಂದು ಡೋಲಣ್ಣ ಇನ್ನೊಂದು ಕೋಲು ತರಲು ಮನೆಗೆ ಓಡಿ ಬಂದ.

ಬಂದವನು ಬಾಗಿಲಲ್ಲೇ ನಿಂತ. ಸೋಫಾದಲ್ಲಿ ಯಾರೋ ತೆಳ್ಳಗಿನವರು ಕಾಫಿ ಲೋಟ ಹಿಡಿದು ಮುದುರಿ ಕೂತಿದ್ದಾರೆ, ಹೆಂಡತಿ ಗೋಡೆ ಗಡಿಯಾರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಾಳೆ.

"ಬಂದ್ರಾ! ನೋಡಿ ನಿಮ್ಮ ಬೀಗರನ್ನ! ಮನೇನ ಖಾಲಿ ಮಾಡಿಸ್ಕೊಂಡು ಹೋಗೋಕೆ ಬಂದಿದಾರೆ!"

ಡೋಲಣ್ಣನಿಗೆ ಬೀಗರು ಎಂಬುದಷ್ಟೇ ಕೇಳಿಸಿತು. ಎರಡು ಕೈ ಮುಗಿದು ಓಡಿ ಹೋಗಿ ಅವರ ಪಕ್ಕ ಕೂತ.

"ಬೀಗರೇ, ತಡವಾಯ್ತು, ತಪ್ಪು ತಿಳ್ಕೋಬೇಡಿ. ಮೈದಾನಕ್ಕೆ ಬೀಗ ಹಾಕೋಕೆ ಒಬ್ಬ ಅಯೋಗ್ಯ ಬಂದಿದಾನೆ. ಅವನನ್ನ ಗೇಟಲ್ಲೇ ಕೂರಿಸಿದೀವಿ. ಹನ್ನೆರಡರವರೆಗೂ ಅಲ್ಲಾಡೋಕೆ ಬಿಡಲ್ಲ."

ಆ ಮನುಷ್ಯ ಲೋಟ ಕೆಳಗಿಟ್ಟರು. "ಅಲ್ಲ ಸ್ವಾಮಿ, ಬೀಗ ಹಾಕೋ ಅಯೋಗ್ಯ ನಾನಲ್ವಾ?" ಎಂದು ಚೀಲಕ್ಕೆ ಕೈ ಹಾಕಿ ತೆಂಗಿನಕಾಯಿಯಷ್ಟು ದೊಡ್ಡ ಬೀಗವನ್ನು ಮೇಜಿನ ಮೇಲಿಟ್ಟರು.

ಗಡಿಯಾರ ಸೆರಗಿನೊಳಗೇ ಟಿಕ್ ಟಿಕ್ ಎಂದಿತು.

"ಹಾಗಾದ್ರೆ," ಎಂದ ಡೋಲಣ್ಣ ನಿಧಾನವಾಗಿ, "ಅಲ್ಲಿ ನಾನು ಬೈದದ್ದು ಯಾರಿಗೆ?"

ಅವನ ಹೆಂಡತಿ ಸೋಫಾದ ಮೇಲೆ ಕೂತಳು, ಸುಕ್ಕಾದರೂ ಚಿಂತೆಯಿಲ್ಲ ಎನ್ನುವ ಹಾಗೆ. ಅಮೀನರು ಹೊರಗೆ ಹೋಗಿ ಬೋರ್ಡಿನ ಕೆಳಸಾಲನ್ನು ಕಣ್ಣು ಕಿರಿದು ಮಾಡಿ ಓದಿದರು, ತಲೆ ಆಡಿಸಿದರು.

"ನೀವು ಆ ಅಧ್ಯಕ್ಷರಲ್ಲ. ಅವರು ಸಿಗದಿದ್ರೆ ಗೇಟಿಗೆ ಕಾಗದ ಅಂಟಿಸಿ ಬೀಗ ಹಾಕು ಅಂತಿದೆ. ಬರ್ತೀನಿ ಅಮ್ಮಾ. ಕೇಕು ಚೆನ್ನಾಗಿತ್ತು."

ಎಲ್ಲರೂ ಅವರ ಹಿಂದೆಯೇ ಹೊರಟೆವು. ಡೋಲಣ್ಣ ಮುಂದೆ ಓಡಿದ. ಬೀಗವನ್ನು ತಡೆಯಲು ಓಡಿದನೋ, ಬೀಗರ ಕಾಲಿಗೆ ಬೀಳಲು ಓಡಿದನೋ, ಅವನಿಗೇ ಗೊತ್ತಿರಲಿಲ್ಲ.

ಗೇಟಿನಲ್ಲಿ ಹಾಡು ನಡೆದೇ ಇತ್ತು. ಅಮೀನರು ಚೀಲ ತೋರಿಸಿ, "ದಾರಿ ಬಿಡಿ, ಬೀಗ ಹಾಕ್ಬೇಕು," ಎಂದರು.

"ಬೀಗ ಆಗ್ಲೇ ಬಂದಾಯ್ತು. ನಮಗೆ ಒಂದೇ ಸಾಕು," ಎಂದಳು ಮೀನಿನಾಕೆ. ಡೋಲಣ್ಣ ಅವಳಿಗೆ ವಿಷಯ ತಿಳಿಸಿದ. ಕಿವಿ ಕೇಳದವರು ಗುಟ್ಟು ಹೇಳಿದರೆ ಮೈದಾನಕ್ಕೆಲ್ಲ ಕೇಳಿಸುತ್ತದೆ. ಹಾಡು ನಿಂತಿತು. ಸುತ್ತ ಕೂತವರು ಒಬ್ಬೊಬ್ಬರಾಗಿ ಎದ್ದು, ಧೂಳು ಒರೆಸಿಕೊಂಡು, ಆ ದಪ್ಪ ಮನುಷ್ಯರಿಗೆ ಗೌರವದಿಂದ ಜಾಗ ಬಿಟ್ಟರು.

ಅವರು ಏಳಲಿಲ್ಲ.

"ಯಜಮಾನ್ರೇ, ದಯವಿಟ್ಟು ಏಳಿ," ಎಂದರು ಅಮೀನರು. "ನೀವು ನಡುವೆ ಕೂತ್ರೆ ಬಾಗಿಲು ಮುಚ್ಚಲ್ಲ."

"ಇಷ್ಟೊತ್ತು ಏಳ್ತೀನಿ ಅಂದೆ, ಬಿಟ್ರಾ? ಈಗ ಏಳು ಅಂದ್ರೆ ನಾನು ಏಳಲ್ಲ. ನನ್ನ ಹೊಟ್ಟೆ ಮೇಲೆ ಪದ ಕಟ್ಟಿದಾರೆ ಕಣ್ರೀ! ಆ ಡೋಲಿನವನು ಬಂದು, ಇಷ್ಟು ಜನರ ಮುಂದೆ, ತಪ್ಪಾಯ್ತು ಅನ್ನಲಿ. ಅಲ್ಲೀವರೆಗೆ ಇಲ್ಲಿಂದ ಕದಲಲ್ಲ. ಈ ಸಂಬಂಧಾನೂ ಬೇಡ, ಏನೂ ಬೇಡ!"

ಡೋಲಣ್ಣನ ಹೆಂಡತಿ ಗಂಡನ ಬೆನ್ನಿಗೆ ಗುದ್ದಿದಳು. "ಕ್ಷಮೆ ಕೇಳಿ! ಕಾಲು ಹಿಡ್ಕೊಂಡು ಕೇಳಿ!"

ಅವನು ಕೈ ಮುಗಿದು ಬಾಯಿ ತೆರೆದ. ತೆರೆದ ಬಾಯಿಗೆ ಮೀನಿನಾಕೆಯ ಅಂಗೈ ಬಂದು ಮುಚ್ಚಿತು.

"ಹನ್ನೆರಡಾಗಿಲ್ಲ! ನೀನು ತಪ್ಪಾಯ್ತು ಅಂದ್ರೆ ಅವ್ರು ಏಳ್ತಾರೆ. ಅವ್ರು ಎದ್ರೆ ಗೇಟು ಮುಚ್ಚುತ್ತೆ. ಗೇಟು ಮುಚ್ಚಿದ್ರೆ ಕ್ಲಬ್ಬು ಹೋಯ್ತು!"

ಇಂಥ ಸಂಕಟವನ್ನು ನಾನು ನೋಡಿಲ್ಲ. ಒಂದು ಕಡೆ ಮಗಳ ಮದುವೆ, ಒಂದು ಕಡೆ ಜನ್ಮವಿಡೀ ಬಾರಿಸಿದ ಡೋಲು. ನಡುವೆ ಮೀನಿನ ವಾಸನೆ. ಡೋಲಣ್ಣನ ಕಣ್ಣಿನಲ್ಲಿ ನೀರು ಬಂತು. ವಾಸನೆಗೋ ಸಂಕಟಕ್ಕೋ ಹೇಳಲಾರೆ. ಕೈಗಳು ಮುಗಿದೇ ಇದ್ದವು, ಬಾಯಿ ಮುಚ್ಚಿಯೇ ಇತ್ತು.

"ನೋಡಿ, ನೋಡಿ, ಕೊಬ್ಬು!" ಎಂದರು ಬೀಗರು. "ಒಂದು ಮಾತು ಬರಲ್ಲ ಬಾಯಲ್ಲಿ!"

"ಬರುತ್ತೆ ಅಣ್ಣನವರೇ, ಸ್ವಲ್ಪ ಹೊತ್ತಿಗೆ ಬರುತ್ತೆ," ಎಂದು ಅವನ ಹೆಂಡತಿ ಗೋಗರೆದಳು. ಅಷ್ಟು ಹೊತ್ತಿಗೆ ಅವಳಿಗೂ ವಿಷಯ ಅರ್ಥವಾಗಿತ್ತು. ಬೆನ್ನಿಗೆ ಗುದ್ದುವುದನ್ನು ನಿಲ್ಲಿಸಿ ಗಂಡನ ತೋಳು ಹಿಡಿದುಕೊಂಡಿದ್ದಳು.

ಅಮೀನರು ಗೇಟಿಗೆ ಕಾಗದ ಅಂಟಿಸಿದರು. ಸರಪಳಿ ತೆಗೆದರು. ಬೀಗವನ್ನು ಕೈಯಲ್ಲಿ ಹಿಡಿದು ಬೀಗರ ಮುಂದೆ ನಿಂತರು. ನೂಕಿಸಬಹುದಿತ್ತು, ಪೊಲೀಸರನ್ನು ಕರೆಯಬಹುದಿತ್ತು. ಅವರು ಡೋಲಣ್ಣನ ಹೆಂಡತಿಯ ಮುಖ ನೋಡಿದರು. ಆಮೇಲೆ ತಮ್ಮ ಚಪ್ಪಲಿ ಬಿಚ್ಚಿ, ಅದರೊಳಗೆ ಕಲ್ಲು ಸೇರಿದೆಯೇನೋ ಎಂದು ಬಹಳ ನಿಧಾನವಾಗಿ ಹುಡುಕತೊಡಗಿದರು. ಒಂದರಲ್ಲಿ ಸಿಗಲಿಲ್ಲ. ಇನ್ನೊಂದನ್ನೂ ಬಿಚ್ಚಿದರು.

ಸೈರನ್ ಕೂಗಿತು.

ಮೀನಿನಾಕೆ ಕೈ ತೆಗೆದಳು. ಡೋಲಣ್ಣನಿಗೆ ಸೈರನ್ ಕೇಳಿಸಿತೋ ಇಲ್ಲವೋ, ಕೈ ಹೋದದ್ದು ತಿಳಿಯಿತು. "ತಪ್ಪಾಯ್ತು ಬೀಗರೇ, ತಪ್ಪಾಯ್ತು, ನೂರು ಸಲ ತಪ್ಪಾಯ್ತು!" ಎಂದು ಇಷ್ಟು ಹೊತ್ತು ತಡೆದಿಟ್ಟದ್ದನ್ನೆಲ್ಲ ಒಟ್ಟಿಗೇ ಸುರಿದು ಕಾಲಿನ ಬಳಿ ಕೂತ. ಟೀ ಅಂಗಡಿಯವನು ನಡೆದದ್ದನ್ನೆಲ್ಲ ಮೊದಲಿನಿಂದ ಬಿಡಿಸಿ ಹೇಳಿದ. ಬೀಗರು ಕೇಳಿ ಕೇಳಿ, ಮೊದಲು ಮೂಗು ಕೆಂಪಗೆ ಮಾಡಿಕೊಂಡರು, ಆಮೇಲೆ ಹೊಟ್ಟೆ ಕುಲುಕಿತು, ಕೊನೆಗೆ ಬೀಗದ ಕೈಗಳೆಲ್ಲ ಕುಲುಕಿದವು.

"ಅಂದ್ರೆ ನಾನು ಕೂತಿದ್ದಕ್ಕೇ ನಿಮ್ಮ ಕ್ಲಬ್ಬು ಉಳೀತಾ?"

"ನಿಮ್ಮ ಹೊಟ್ಟೆ ಇಲ್ದಿದ್ರೆ ಗೇಟು ಮುಚ್ಚಿರೋದು," ಎಂದಳು ಮೀನಿನಾಕೆ. ಆಕೆಯ ಮಟ್ಟಿಗೆ ಅದು ಕ್ಷಮಾಪಣೆ.

ಅವರು ಏಳಲು ನೋಡಿದರು, ಆಗಲಿಲ್ಲ. ಕಾಲು ಜೋಮು ಹಿಡಿದಿತ್ತು. ಒಂದು ಕಡೆ ಡೋಲಣ್ಣ, ಇನ್ನೊಂದು ಕಡೆ ಅಮೀನರು ತೋಳು ಹಿಡಿದು ಎತ್ತಿದರು. ಹಾಗೇ ಮೂವರೂ ಒಳಗೆ ಹೋಗಿ ಒಂದೇ ಬೆಂಚಿನ ಮೇಲೆ ಕೂತು ಪಂದ್ಯ ನೋಡಿದರು. ಮಕ್ಕಳಿಬ್ಬರೂ ಪಾಳಿ ಮುಗಿಸಿ ಬಂದು, ಅಪ್ಪಂದಿರು ಕೂತ ಚಂದ ನೋಡಿ, ಎಲ್ಲ ಸಲೀಸಾಗಿ ನಡೆದಿದೆ ಎಂದುಕೊಂಡರು. ನಾವು ಸೋತೆವು. ಆದರೆ ಆಡಿ ಸೋತೆವು. ಹೆಸರು ಉಳಿಯಿತು.

ಸೋಮವಾರ ಬೆಳಿಗ್ಗೆ ಅಮೀನರು ಮತ್ತೆ ಬಂದರು. ಯಾರೂ ಸುತ್ತ ಕೂರಲಿಲ್ಲ. ಡೋಲಣ್ಣನೇ ಸರಪಳಿಯ ಒಂದು ತುದಿ ಹಿಡಿದುಕೊಂಡ. ಸಾಕ್ಷಿ ಇಬ್ಬರು ಬೇಕೆಂದಾಗ ಮೀನಿನಾಕೆ ಒಂದು ಸಹಿ ಹಾಕಿದಳು, ನಾನು ಹೆಬ್ಬೆಟ್ಟು ಒತ್ತಿದೆ. ಅಮೀನರು ಬೀಗ ಹಾಕಿ, ಎಳೆದು ನೋಡಿ, ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡರು. ಹೊರಟವರು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರು. ಡೋಲಣ್ಣನ ಬಲಗಿವಿ ಯಾವುದೆಂದು ನೋಡಿಕೊಂಡು, ಅದರ ಹತ್ತಿರ ಬಾಯಿಟ್ಟು ಕೇಳಿದರು:

"ಅಧ್ಯಕ್ಷರೇ, ನಮ್ಮ ಮುಂದಿನ ಪಂದ್ಯ ಎಲ್ಲಿ?"